ಪೀರ್ ಬಾಷಾ ಬರೆದ ಒತ್ತು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತದ ತಪ್ಪು ಹುಡುಕಿ, ಆಮೇಲೆ ವಧೂವರರ ಹೆಸರು ಓದುವ ಜಾತಿ. ದುರ್ಗಿಗುಡಿಯಲ್ಲಿ ಶರಾವತಿ ಟೀಚರ್ ಎದುರಿಗೆ ಬಂದರೆ ಈಗಲೂ ಕೆಲವರು ರಸ್ತೆಯ ಆ ಬದಿಗೆ ಹೋಗುತ್ತಾರೆ. ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಸಂಗತಿಯಲ್ಲಿ ತಪ್ಪು ಮಾಡಿದವಳು ನಾನು. ತಿದ್ದಿದವರು ಉರ್ದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ ಭದ್ರಾವತಿಯ ಪೀರ್ ಬಾಷಾ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಅನುವಾದದ ಕೆಲಸ ಹಿಡಿದಿದ್ದೆ. ಉಯಿಲು, ಜನನ ಪತ್ರ, ಪಹಣಿ, ಹೀಗೆ ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ತಂದು ಕೊನೆಯಲ್ಲಿ ಸಹಿ ಹಾಕಿ ಕೊಡುವುದು. ಒಂದು ದಿನ ವಕೀಲ ನಿರಂಜನ ದೊಡ್ಡ ರೆಕ್ಸಿನ್ ಚೀಲ ಹೊತ್ತುಕೊಂಡು ಬಂದ. ಹತ್ತನೇ ತರಗತಿಯಲ್ಲಿ ನನ್ನ ಕೈಯಲ್ಲಿ ಬೈಸಿಕೊಂಡು ಪಾಸಾದವನು. ಚೀಲದೊಳಗೆ ಒಂಬತ್ತು ದಪ್ಪ ಪುಸ್ತಕಗಳು, ಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ.

ವಿಷಯ ಇಷ್ಟು. ಹೊರದೇಶದ ಒಂದು ಕಂಪನಿ ಭದ್ರಾವತಿಯ ಅಂಚಿನಲ್ಲಿ ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ ಹಾಕಿತ್ತು. ಕರೆಂಟಿನಿಂದ ಕಬ್ಬಿಣ ಕರಗಿಸುವ ಎರಡು ಕುಲುಮೆಗಳು, ಇನ್ನೂರು ಜನಕ್ಕೆ ಕೆಲಸ. ಒಂಬತ್ತು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ಮಧ್ಯಾಹ್ನ, ಸರ್ಕಾರದ ಕಡೆಯಿಂದ ಬಂದ ಒಂದು ಆದೇಶದ ಮೇಲೆ ಆ ಕಾರ್ಖಾನೆಗೆ ಕರೆಂಟು ತೆಗೆದರು. ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಆದೇಶದಿಂದಲೇ ತನ್ನ ಬಂಡವಾಳ ಮಣ್ಣುಪಾಲಾಯಿತು ಎಂದು ಕಂಪನಿ, ಎರಡು ದೇಶಗಳ ನಡುವಿನ ಒಪ್ಪಂದದ ಪ್ರಕಾರ, ನಮ್ಮ ದೇಶದ ಮೇಲೆ ದಾವೆ ಹೂಡಿತ್ತು. ಅದನ್ನು ಕೇಳುವವರು ಇಲ್ಲಿನ ಕೋರ್ಟಿನವರಲ್ಲ, ಮೂರು ದೇಶಗಳ ಮೂವರು ಪಂಚರು. ಕಂಪನಿಯ ದೊಡ್ಡ ವಕೀಲರಿಗೆ ಊರಿನಲ್ಲಿ ಕೈಗೆ ಸಿಗುವ ವಕೀಲ ನಮ್ಮ ನಿರಂಜನ.

"ಆದೇಶ ತಪ್ಪು ಅಂತ ತೋರಿಸ್ಬಹುದು ಟೀಚರ್," ಎಂದ. "ನಷ್ಟ ಆಗಿದೆ ಅಂತಾನೂ ತೋರಿಸ್ಬಹುದು. ಆದ್ರೆ ಆ ತಪ್ಪಿನಿಂದಾನೇ ಈ ನಷ್ಟ ಆಯ್ತು ಅಂತ ತೋರಿಸ್ಬೇಕಲ್ಲ, ಅಲ್ಲೇ ಎಲ್ಲರೂ ಮುಗ್ಗರಿಸೋದು. ಕಾರ್ಖಾನೆ ಮೊದಲೇ ಕೆಟ್ಟು ಕೂತಿತ್ತು ಅಂತ ಆ ಕಡೆಯೋರು ಹೇಳ್ತಾರೆ. ಅದಕ್ಕೇ ಈ ಪುಸ್ತಕಗಳು ಬೇಕು."

ಅವು ಕುಲುಮೆಯ ಪಾಳಿ ಪುಸ್ತಕಗಳು. ಯಾವ ಹೊತ್ತಿಗೆ ಏನಾಯಿತು ಎಂದು ಪಾಳಿಯ ಆಪರೇಟರ್ ಬರೆದಿಡುವಂಥವು. ಬೆಳಗಿನ ಪಾಳಿಯ ಪುಸ್ತಕಗಳು ಎಲ್ಲಿ ಹೋದವೋ ಯಾರಿಗೂ ತಿಳಿಯದು, ಸಿಕ್ಕಿದ್ದು ಎರಡನೇ ಪಾಳಿಯವು ಮಾತ್ರ. ಬಹುಪಾಲು ಒಂದೇ ಕೈಬರಹ. ಅಕ್ಷರ ದುಂಡಗಿತ್ತು, ಒತ್ತಿ ಬರೆದದ್ದು. ಆದರೆ ಕಾಗುಣಿತ ನೋಡಿ ನನಗೆ ತಲೆ ಸಿಡಿಯಿತು. ಬೆಳಿಗ್ಗೆ ಹೋಗಿ 'ಬೆಲಿಗ್ಗೆ', ಕೆಳಗೆ ಹೋಗಿ 'ಕೆಲಗೆ', ಪಾಳಿ ಎನ್ನುವುದು 'ಪಾಲಿ'. ಳಕಾರಕ್ಕೂ ಈ ಮನುಷ್ಯನಿಗೂ ಹುಟ್ಟಾ ಜಗಳವಿರಬೇಕು ಎಂದುಕೊಂಡೆ. ಜೆರಾಕ್ಸ್ ಪ್ರತಿಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುತ್ತ, ತಿದ್ದಿದ್ದನ್ನು ಇಂಗ್ಲಿಷಿಗೆ ತರುತ್ತ ಹೋದೆ. ಯಾರೂ ಕೇಳದೆ ತಿದ್ದುವುದು ನನ್ನ ಹಳೆಯ ಚಾಳಿ.

ಹಾಗೆ ಕೊನೆಯ ಪುಸ್ತಕದ ಕೊನೆಯ ಬರಹಕ್ಕೆ ಬಂದೆ.

'ಮ. 2:40. ಕರೆಂಟ್ ಹೋದಾಗ ಒಂದನೇ ಕುಲುಮೆ ನಿಂತಿತ್ತು. ಎರಡನೇ ಕುಲುಮೆ ನಿಂತಿತು.'

ಒಂದೇ ಪದವನ್ನು ಅಕ್ಕಪಕ್ಕದಲ್ಲಿ ಎರಡು ಥರ ಬರೆದಿದ್ದಾರಲ್ಲ ಎಂದು ನಗು ಬಂತು. ಮೊದಲನೆಯದರ ಒತ್ತನ್ನು ಕೆಂಪು ಗೆರೆಯಲ್ಲಿ ಹೊಡೆದು ಹಾಕಿದೆ. ಕರೆಂಟು ಹೋದಾಗ ಎರಡು ಕುಲುಮೆಗಳೂ ನಿಂತವು ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ ಮಾಡಿ ಕೊಟ್ಟೆ. ನಿರಂಜನ ಓದಿ ಕುಣಿಯುವುದೊಂದು ಬಾಕಿ.

ಹತ್ತು ದಿನದ ಮೇಲೆ, ಬೆಳಿಗ್ಗೆ ಕಾಫಿಗೆ ಹಾಲಿಟ್ಟಿದ್ದಾಗ, ಗೇಟಿನ ಸದ್ದಾಯಿತು. ಅರವತ್ತು ದಾಟಿದ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲಗೈ ಮೇಲೆಲ್ಲ ಕಿಡಿ ಸಿಡಿದ ಹಳೆಯ ಚುಕ್ಕೆಗಳು.

"ಟೀಚರಮ್ಮಾ, ನಾನು ಪೀರ್ ಬಾಷಾ. ಭದ್ರಾವತಿಯಿಂದ ಬಂದೆ. ನಂದೊಂದು ಒತ್ತು ನಿಮ್ಮ ಹತ್ರ ಉಳ್ಕೊಂಡಿದೆ."

ಪುಸ್ತಕ ಬರೆದವರೆಂದು ಅವರನ್ನು ಕಂಪನಿಯ ಸಾಕ್ಷಿ ಮಾಡಿದ್ದರು. ನಿರಂಜನನ ಆಫೀಸಿನಲ್ಲಿ ಅವರ ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದಾಗ, ಎರಡೂ ಕುಲುಮೆ ಕರೆಂಟು ಹೋದಾಗಲೇ ನಿಂತವು ಎಂಬ ಮಾತು ಬಂದಿತ್ತು. ತಾನು ಹಾಗೆ ಬರೆದಿಲ್ಲ ಎಂದರೆ, ಅನುವಾದಕಿ ದೊಡ್ಡ ಟೀಚರು, ತಪ್ಪಿರುವುದಿಲ್ಲ ಎಂದು ಗುಮಾಸ್ತ ಸಾಗಹಾಕಿದ್ದನಂತೆ. ನನ್ನ ವಿಳಾಸ ಹುಡುಕಿಕೊಂಡು ಮೊದಲ ಬಸ್ಸಿಗೆ ಬಂದಿದ್ದರು.

ನನಗೆ ರೇಗಿತು. "ನೋಡಿ, ನೀವು ಬೆಳಿಗ್ಗೆ ಅನ್ನೋದನ್ನೇ ಸರಿಯಾಗಿ ಬರೆದಿಲ್ಲ. ಇನ್ನು ಒತ್ತಿನ ವಿಷಯ ನನಗೆ ಹೇಳ್ಕೊಡೋಕೆ ಬಂದಿದೀರಾ?"

ಅವರಿಗೆ ಸಿಟ್ಟು ಬರಲಿಲ್ಲ. "ಳಾ ನನಗೆ ಬರಲ್ಲಮ್ಮಾ. ನಾಲಿಗೆಗೆ ಬಂದ್ರೂ ಕೈಗೆ ಬರಲ್ಲ. ಆದ್ರೆ ಒತ್ತು ನಾನು ಯಾವತ್ತೂ ತಪ್ಪಿಲ್ಲ. ಬೇಕಾದ್ರೆ ಪುಸ್ತಕ ತೆಗೀರಿ."

ತೆಗೆದೆ. ಅವರನ್ನು ಸುಳ್ಳು ಮಾಡಬೇಕೆಂಬ ಹಟದಲ್ಲೇ ತೆಗೆದೆ. ಒಂಬತ್ತು ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿ ಇಬ್ಬರೂ ಕೂತೆವು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಒಂದು ಒತ್ತೂ ತಪ್ಪಿರಲಿಲ್ಲ.

ಅವರಿಗೆ ಕನ್ನಡ ಬರೆಯಲು ಕಲಿಸಿದವರು ಅದೇ ಕಾರ್ಖಾನೆಯ ಫೋರ್‌ಮನ್ ಷಡಕ್ಷರಪ್ಪ. ಈಗಿಲ್ಲ. ಪೀರ್ ಬಾಷಾ ಮೂವತ್ತೈದು ದಾಟಿದ ಮೇಲೆ, ಊಟದ ಬಿಡುವಿನಲ್ಲಿ, ಸೀಮೆಸುಣ್ಣದಿಂದ ಕಬ್ಬಿಣದ ತಗಡಿನ ಮೇಲೆ ಅಕ್ಷರ ಕಲಿತವರು. ಷಡಕ್ಷರಪ್ಪನವರ ಪಾಠದಲ್ಲಿ ಅ ಆ ಇ ಈ ಆದ ಕೂಡಲೇ ಬಂದದ್ದು ಈ ಎರಡು ಪದ.

"ನಿಂತಿತು ಅಂದ್ರೆ ನಿನ್ನ ಕಣ್ಣೆದುರಿಗೆ ನಿಂತಿತು ಅಂತ. ನಿಂತಿತ್ತು ಅಂದ್ರೆ ನೀನು ನೋಡೋ ಹೊತ್ತಿಗೆ ಮೊದಲೇ ನಿಂತಿತ್ತು ಅಂತ. ಒತ್ತು ಬಿಟ್ರೆ ಕುಲುಮೆ ಕಥೇನೇ ಬದಲಾಗತ್ತೆ ಮಾರಾಯ ಅಂತಿದ್ರು," ಎಂದರು ಪೀರ್ ಬಾಷಾ. "ಕಂಡದ್ದು ಬರಿ, ಅಂದ್ಕೊಂಡದ್ದು ಬರೀಬೇಡ ಅಂತಾನೂ."

ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದ್ದೂ ಇದೇ ವ್ಯಾಕರಣ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೊಸ ಹಾಲು ತರಿಸಿ ಕಾಫಿ ಮಾಡಿ ಕೊಟ್ಟು, ಹಾಗಾದರೆ ಒಂದನೇ ಕುಲುಮೆಯನ್ನು ಮೊದಲೇ ನಿಲ್ಲಿಸಿದ್ದು ಯಾರು ಎಂದು ಕೇಳಿದೆ.

"ನಾನೇ," ಎಂದರು.

ಆ ದಿನ ಬೆಳಗಿನ ಪಾಳಿಯೂ ಅವರದೇ. ಬೆಳಗಿನ ಆಪರೇಟರ್ ಬಾರದೆ ಅವರನ್ನೇ ಕರೆಸಿದ್ದರು, ತಮ್ಮ ಎರಡನೇ ಪಾಳಿಗೂ ಉಳಿದರು. ಹನ್ನೊಂದರ ಸುಮಾರಿಗೆ ಒಂದನೇ ಕುಲುಮೆಯ ಮೀಟರಿನ ಮುಳ್ಳು ನಡುಗಿತು. ಒಳಗೋಡೆ ಸವೆದು ಕರಗಿದ ಕಬ್ಬಿಣ ಹೊರಗೆ ದಾರಿ ಹುಡುಕುತ್ತಿರುವ ಗುರುತು ಅದು. ಕೆಳಗೆ ಆರು ಜನ ಕೆಲಸ ಮಾಡುತ್ತಿದ್ದರು. ಯಾರನ್ನೂ ಕೇಳದೆ ಪೀರ್ ಬಾಷಾ ಕುಲುಮೆ ನಿಲ್ಲಿಸಿ, ಇದ್ದ ಕಬ್ಬಿಣವನ್ನೆಲ್ಲ ಗುಂಡಿಗೆ ಸುರಿದರು. ಮ್ಯಾನೇಜರ್ ಓಡಿ ಬಂದು ಎಲ್ಲರೆದುರು ಕೂಗಾಡಿ ಮೆಮೊ ಕೊಟ್ಟ. ಮಧ್ಯಾಹ್ನ ಕರೆಂಟು ಹೋಯಿತು. ಮಾರನೇ ದಿನದಿಂದ ಗೇಟಿಗೆ ಬೀಗ.

ಆದೇಶದ ಕಾಗದವನ್ನು ಕೆಲಸಗಾರರು ಯಾರೂ ನೋಡಿರಲಿಲ್ಲ. ನೋಡಿದ್ದು ಪೀರ್ ಬಾಷಾ ಕುಲುಮೆ ನಿಲ್ಲಿಸಿದ್ದನ್ನು, ಮ್ಯಾನೇಜರ್ ಬೈದದ್ದನ್ನು. ಬೆಳಿಗ್ಗೆ ಅವನು ನಿಲ್ಲಿಸಿದ, ಮಧ್ಯಾಹ್ನ ಕಾರ್ಖಾನೆಯೇ ನಿಂತಿತು ಎಂದು ಊರು ಮಾತಾಡಿತು. ಅದಕ್ಕೂ ಮುಂಚೆ ಪೀರ್ ಬಾಷಾರ ಕೈಗುಣವೆಂದರೆ ಜನ್ನಾಪುರದಿಂದ ಹಳೇನಗರದವರೆಗೆ ಹೆಸರು. ಹೊಸ ಹೋಟೆಲಿನ ಒಲೆ, ಬೇಕರಿಯ ಭಟ್ಟಿ, ಯಾರದೇ ಆಗಲಿ, ಮೊದಲ ಬೆಂಕಿ ಅವರ ಕೈಯಿಂದ ಹೊತ್ತಿದರೆ ಚೆನ್ನಾಗಿ ನಡೆಯುತ್ತದೆ ಎಂದು ಕರೆಯುತ್ತಿದ್ದರು. ಆ ಜೂನ್ ನಂತರ ಒಬ್ಬರೂ ಕರೆಯಲಿಲ್ಲ. ಪಕ್ಕದ ಮನೆಯ ಪ್ರಕಾಶ್, ಹದಿನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವನು, ಮಾತೇ ಬಿಟ್ಟ. ಪೀರ್ ಬಾಷಾ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಸಣ್ಣ ಅಂಗಡಿ ಇಟ್ಟುಕೊಂಡು ಜೀವನ ಸಾಗಿಸಿದ್ದರು.

"ಹಾಗಿದ್ರೆ ನಾನು ಮಾಡಿದ ತಪ್ಪು ನಿಮಗೆ ಒಳ್ಳೇದೇ ಆಯ್ತಲ್ರೀ," ಎಂದೆ. "ನಿಮ್ಮ ಹೆಸರು ಎಲ್ಲೂ ಬರ್ತಿರಲಿಲ್ಲ."

"ಸರ್ವರ್ ಬೀನೂ ಅದನ್ನೇ ಅಂದ್ಲು. ಅವ್ರೇ ಅಳಿಸಿದಾರೆ, ನೀವ್ಯಾಕೆ ಕೆದಕ್ತೀರಿ ಅಂತ." ಹೆಂಡತಿಯ ಮಾತು ನೆನೆದು ಸ್ವಲ್ಪ ನಕ್ಕರು. ಆಮೇಲೆ ಲೋಟ ಕೆಳಗಿಟ್ಟರು. "ಟೀಚರಮ್ಮಾ, ನನ್ನ ಕೈಯಿಂದಾನೇ ಕಾರ್ಖಾನೆ ಮುಚ್ತಾ ಅಂತ ಊರು ಒಂಬತ್ತು ವರ್ಷದಿಂದ ಕೇಳ್ತಿದೆ. ನಾನೂ ಕೇಳ್ಕೊಳ್ತಿದೀನಿ. ಈಗ ಯಾರೋ ಮೂರು ಜನ ದೊಡ್ಡೋರು ಕೂತು ಯಾವುದ್ರಿಂದ ಏನಾಯ್ತು ಅಂತ ವಿಚಾರಿಸ್ತಾರಂತೆ. ಅವ್ರಿಗೆ ಅರ್ಧ ಕೊಟ್ರೆ, ಅವ್ರು ಹೇಳೋ ಉತ್ತರ ಇಟ್ಕೊಂಡು ನಾನೇನ್ ಮಾಡ್ಲಿ?"

ಅವತ್ತೇ ನಿರಂಜನನನ್ನು ಕರೆಸಿದೆ. ಕೇಳಿ ಅವನ ಮುಖ ಬಾಡಿತು. "ಕೇಸು ಕುಂಟುತ್ತೆ ಟೀಚರ್," ಎಂದ. ಒಂದನೇ ಕುಲುಮೆ ಮೊದಲೇ ನಿಂತಿತ್ತು ಎಂದಾದರೆ ಆ ಕಡೆಯವರಿಗೆ ಹಬ್ಬ. ಆಮೇಲೆ ನನ್ನ ಅನುವಾದವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಇರ್ಲಿ, ತಪ್ಪು ಅಂತ ಗೊತ್ತಾದ ಮೇಲೆ ಆ ಕಾಗದ ಇಟ್ಕೊಂಡು ನಿಂತ್ಕೊಳ್ಳೋಕಾಗಲ್ಲ. ತಿದ್ದಿ ಕೊಡಿ," ಎಂದ. ಅವನಿಗೆ ಹತ್ತನೇ ತರಗತಿಯಲ್ಲಿ ನಾನು ಬೈದದ್ದು ಸಾರ್ಥಕ ಅನಿಸಿತು.

ತಿದ್ದಲು ಕೂತಾಗ ಇನ್ನೊಂದು ಗೊತ್ತಾಯಿತು. ನಾನು ನುಂಗಿದ್ದು ಒಂದೇ ಒತ್ತಲ್ಲ. ಒಂಬತ್ತು ಪುಸ್ತಕಗಳ ಉದ್ದಕ್ಕೂ, 'ಪಾಲಿಗೆ ಬಂದಾಗ ಕುಲುಮೆ ನಿಂತಿತ್ತು, ಒಲಗೋಡೆ ಕೆಲಸ' ಎಂದು ಇನ್ನೂ ಹದಿನೇಳು ಕಡೆ ಇತ್ತು. ಎಲ್ಲದರ ಒತ್ತನ್ನೂ ಹೊಡೆದು ಹಾಕಿದ್ದೆ. ಪ್ರತಿ ಸಲವೂ ನಾಲ್ಕೈದು ದಿನ ಬಿಟ್ಟು ಇನ್ನೊಂದು ಪದ ಬರುತ್ತಿತ್ತು: 'ಹೊತ್ತಿತು.' ಆ ಹದಿನೇಳು ಜೋಡಿಗಳನ್ನು ತಾರೀಕಿನೊಂದಿಗೆ ಬೇರೆ ಹಾಳೆಯಲ್ಲಿ ಬರೆದು ತಿದ್ದುಪಡಿಗೆ ಲಗತ್ತಿಸಿದೆ.

ವಿಚಾರಣೆ ಜನವರಿಯಲ್ಲಿ. ಶಿವಮೊಗ್ಗದ ಒಂದು ಹೋಟೆಲಿನ ಸಭಾಂಗಣದಲ್ಲಿ ದೊಡ್ಡ ಪರದೆ ಹಾಕಿದ್ದರು. ಆ ದೇಶಗಳಲ್ಲಿ ಬೆಳಗಾಗುವವರೆಗೆ ಕಾದು, ಮಧ್ಯಾಹ್ನ ಶುರುವಾಯಿತು. ಪರದೆಯ ಮೇಲೆ ಮೂವರು ಪಂಚರು, ನಡುವೆ ಬಿಳಿ ಕೂದಲಿನ ಹೆಂಗಸು, ಅವರೇ ಮುಖ್ಯಸ್ಥೆ. ಮಾತು ಅನುವಾದಿಸಲು ಬೇರೊಬ್ಬರಿದ್ದರು. ಮೊದಲು ನನ್ನನ್ನೇ ಕೂರಿಸಿದರು. ಮೂಲದಲ್ಲಿ ಇಲ್ಲದ್ದನ್ನು ಮೊದಲ ಅನುವಾದದಲ್ಲಿ ಏಕೆ ಬರೆದಿರಿ ಎಂಬ ಪ್ರಶ್ನೆ. ನಾನು ಶಾಲಾ ಶಿಕ್ಷಕಿ, ಬರೆದವರ ಕಾಗುಣಿತ ತಪ್ಪೆಂದು ಎಣಿಸಿ ಸತ್ಯವನ್ನೇ ತಿದ್ದಿಬಿಟ್ಟೆ ಎಂದೆ. ಮುಖ್ಯಸ್ಥೆ ನಗಲಿಲ್ಲ, ಬರೆದುಕೊಂಡರು. ಜೀವಮಾನದಲ್ಲಿ ನನ್ನ ತಪ್ಪನ್ನು ಬೇರೆಯವರು ಬರೆದುಕೊಂಡದ್ದು ಅದೇ ಮೊದಲು.

ಆಮೇಲೆ ಪೀರ್ ಬಾಷಾ. ಸರ್ಕಾರದ ಕಡೆಯ ವಕೀಲರು ನೇರ ವಿಷಯಕ್ಕೆ ಬಂದರು. ಹಾಗಾದರೆ ಕರೆಂಟು ಹೋಗುವ ಹೊತ್ತಿಗೆ ಕಾರ್ಖಾನೆಯ ಅರ್ಧ ಭಾಗ ನಿಮ್ಮ ಕೈಯಿಂದಲೇ ಸತ್ತಿತ್ತು ಅಲ್ಲವೇ?

"ನಿಂತಿತ್ತು ಸಾರ್. ಸತ್ತಿರಲಿಲ್ಲ," ಎಂದರು ಪೀರ್ ಬಾಷಾ. "ನಾನು ಖಾಲಿ ಮಾಡಿಟ್ಟಿದ್ದೆ. ತುಂಬಿದ ಕುಲುಮೆಗೆ ಕರೆಂಟ್ ಹೋದ್ರೆ ಕಬ್ಬಿಣ ಒಳಗೇ ಗಟ್ಟಿಯಾಗಿ ಎಲ್ಲಾ ಸೀಳಿ ಹಾಕುತ್ತೆ. ಎರಡನೇದಕ್ಕೆ ಅದೇ ಆಗಿದ್ದು. ಅದು ನನ್ನ ಕಣ್ಣೆದುರಿಗೆ ನಿಂತಿತು."

ಮುಖ್ಯಸ್ಥೆ ಕನ್ನಡಕ ತೆಗೆದು ಕೇಳಿದರು. ಅಂದು ಕರೆಂಟು ತೆಗೆಯದೇ ಇದ್ದಿದ್ದರೆ ಏನಾಗುತ್ತಿತ್ತು?

ನಿರಂಜನ ಕುರ್ಚಿಯ ಅಂಚಿಗೆ ಬಂದ. ಕಾರ್ಖಾನೆ ಚೆನ್ನಾಗಿ ನಡೆಯುತ್ತಿತ್ತು ಎಂದುಬಿಟ್ಟರೆ ಸಾಕಿತ್ತು.

"ಅದು ನಾನು ನೋಡಿಲ್ಲಮ್ಮಾ," ಎಂದರು ಪೀರ್ ಬಾಷಾ. ನಿರಂಜನ ಹಣೆ ಹಿಡಿದುಕೊಂಡ. "ಆಗದೇ ಇದ್ದದ್ದನ್ನ ನಾನು ಪುಸ್ತಕದಲ್ಲಿ ಬರೆಯಲ್ಲ. ಆದ್ರೆ ಅದಕ್ಕೆ ಮುಂಚೆ ಹದಿನೇಳು ಸಲ ಹೀಗೇ ನಿಂತಿತ್ತು. ಹದಿನೇಳು ಸಲವೂ ಹೊತ್ತಿತು. ಅದನ್ನ ನೋಡಿದೀನಿ."

ಮೂರು ದೇಶಗಳಲ್ಲಿ ಮೂವರು ಪುಟ ಮಗುಚುವ ಸದ್ದು ಸ್ಪೀಕರಿನಲ್ಲಿ ಕೇಳಿತು. ಅವರು ನೋಡುತ್ತಿದ್ದುದು ನಾನು ಲಗತ್ತಿಸಿದ ಹಾಳೆ.

ತೀರ್ಪು ಬರಲು ಹನ್ನೊಂದು ತಿಂಗಳು ಹಿಡಿಯಿತು. ಇನ್ನೂರಕ್ಕೂ ಹೆಚ್ಚು ಪುಟ. ಪ್ರಕಟವಾದ ಮೇಲೆ ನಿರಂಜನ ಪ್ರತಿ ತಂದುಕೊಟ್ಟ. ಕಂಪನಿ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಎರಡನೇ ಕುಲುಮೆ ಹಾಳಾದದ್ದು ಕರೆಂಟು ತೆಗೆದದ್ದರಿಂದಲೇ, ಅದಕ್ಕೆ ಪರಿಹಾರ ಕೊಡಬೇಕು. ಆದರೆ ಇಡೀ ಕಾರ್ಖಾನೆ ಹೋದದ್ದಕ್ಕೆ ಆದೇಶವೊಂದೇ ಕಾರಣವಲ್ಲ. ಕೆಲವೇ ವಾರಗಳಲ್ಲಿ ಕರೆಂಟು ವಾಪಸ್ ಬಂದಿತ್ತು, ಒಂದನೇ ಕುಲುಮೆಗೆ ಒಳಗೋಡೆ ಕಟ್ಟಿದರೆ ಸಾಕಿತ್ತು, ಕಂಪನಿ ಅದನ್ನು ಹೊತ್ತಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಅಷ್ಟರ ನಷ್ಟ ಕಂಪನಿಯದೇ. ನೂರ ನಲವತ್ತನೇ ಪುಟದಲ್ಲಿ ಪೀರ್ ಬಾಷಾರ ಬಗ್ಗೆ ಒಂದು ಪ್ಯಾರಾ ಇತ್ತು. ಅದನ್ನು ನಾನು ಕನ್ನಡಕ್ಕೆ ತಂದು, ಕೈಯಾರೆ ಬರೆದು, ಒತ್ತುಗಳನ್ನು ಮೂರು ಸಲ ನೋಡಿ, ಭದ್ರಾವತಿಗೆ ಒಯ್ದುಕೊಟ್ಟೆ.

'ಆಪರೇಟರ್ ಒಂದನೇ ಕುಲುಮೆಯನ್ನು ನಿಲ್ಲಿಸಿದ್ದು ಯಾವ ನಷ್ಟಕ್ಕೂ ಕಾರಣವಲ್ಲ. ಅದು ಕೆಳಗಿದ್ದ ಆರು ಜನ ಬದುಕಿ ಉಳಿಯಲು, ಎರಡರಲ್ಲಿ ಒಂದು ಕುಲುಮೆ ಉಳಿಯಲು ಕಾರಣ.'

ಪೀರ್ ಬಾಷಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿದರು. ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, ಕಾಗದ ಮಡಚಿ ಜೇಬಿಗಿಟ್ಟು, "ಉತ್ತರ ಸಿಕ್ತು ಟೀಚರಮ್ಮಾ," ಎಂದರು. ಅಷ್ಟೇ. ಊರಿಗೆ ತೋರಿಸುವ ಯೋಚನೆ ಅವರಿಗಿರಲಿಲ್ಲ.

ನನಗೆ ಅಂಥ ದೊಡ್ಡ ಮನಸ್ಸಿಲ್ಲ. ಪ್ರಕಾಶನ ವೆಲ್ಡಿಂಗ್ ಶಾಪು ಎಲ್ಲಿ ಎಂದು ಸರ್ವರ್ ಬೀಯನ್ನು ಕೇಳಿಕೊಂಡು ನೇರ ಅಲ್ಲಿಗೇ ಹೋದೆ. ಇನ್ನೊಂದು ಪ್ರತಿ ನನ್ನ ಚೀಲದಲ್ಲಿತ್ತು. "ಓದಿ," ಎಂದೆ, ಕ್ಲಾಸಿನಲ್ಲಿ ಹೇಳಿದ ಹಾಗೆ.

ಪ್ರಕಾಶ್ ಕನ್ನಡಕ ಮೇಲೆತ್ತಿ ಓದಿದ.

"ಆ ಆರು ಜನದಲ್ಲಿ ನಾನೊಬ್ಬ," ಎಂದ. "ಅವ್ನು ನಿಲ್ಲಿಸದಿದ್ರೆ ನಾನಿಲ್ಲ ಅಂತ ಅವತ್ತೇ ಗೊತ್ತಿತ್ತು ಟೀಚರ್. ಕೆಲಸ ಹೋಯ್ತಲ್ಲ, ಯಾರ ಮೇಲಾದ್ರೂ ಹಾಕ್ಬೇಕಿತ್ತು. ಆದೇಶ ಬರ್ದೋರು ಯಾರೋ, ಎಲ್ಲಿದಾರೋ. ಇವ್ನು ಪಕ್ಕದ ಮನೇಲೇ ಸಿಗ್ತಿದ್ದ."

ಅವನು ಕಾಗದವನ್ನು ಇನ್ನೊಮ್ಮೆ ಓದಿ, ದನಿ ಬದಲಿಸಿ ಕೇಳಿದ. "ಒಂದು ಕುಲುಮೆ ಉಳಿದಿದೆ ಅಂತ ಇದೆಯಲ್ಲ. ಈಗ್ಲೂ ಅಲ್ಲೇ ಇದೆಯಾ ಅದು?"

ಅಲ್ಲೇ ಇತ್ತು. ನಾಲ್ಕು ತಿಂಗಳ ಮೇಲೆ ಹಳೆಯ ಷೆಡ್ಡಿನ ಸಾಮಾನೆಲ್ಲ ಹರಾಜಿಗೆ ಬಂದಾಗ, ಪ್ರಕಾಶ್ ಇನ್ನೂ ಮೂವರು ಹಳೆಯ ಕೆಲಸಗಾರರನ್ನು ಕೂಡಿಸಿಕೊಂಡು ಆ ಕುಲುಮೆಯನ್ನು ಗುಜರಿಯ ಬೆಲೆಗೆ ಹಿಡಿದ. ಮಾಚೇನಹಳ್ಳಿಯಲ್ಲಿ ಸಣ್ಣದೊಂದು ಷೆಡ್ಡು. ಶುರುವಿಗೆ ಎಂಟು ಜನಕ್ಕೆ ಕೆಲಸ. ಒಳಗೋಡೆ ಹೊಸದಾಗಿ ಕಟ್ಟಿದರು, ಕರೆಂಟು ಹರಿಯುವ ತಾಮ್ರದ ಸುರುಳಿ ಸುತ್ತಿಕೊಟ್ಟವರು ಪೀರ್ ಬಾಷಾ. ಕೇಳಲು ಬಂದ ಪ್ರಕಾಶ್ ಅಂಗಡಿಯ ಹೊರಗೆ ಹದಿನೈದು ನಿಮಿಷ ಸುಮ್ಮನೆ ನಿಂತಿದ್ದನಂತೆ, ಇವರು ಸ್ಟೂಲು ಸರಿಸಿ ಜಾಗ ಮಾಡಿಕೊಟ್ಟರಂತೆ. ಇದು ಸರ್ವರ್ ಬೀ ಹೇಳಿದ್ದು.

ಶುರುವಿನ ದಿನ ನನ್ನನ್ನೂ ಕರೆದಿದ್ದರು. ಕುಲುಮೆಗೆ ಹೂವು, ಅರಿಶಿನ ಕುಂಕುಮ. ಪಕ್ಕದಲ್ಲಿ ದರ್ಗಾದಲ್ಲಿ ಸಕ್ಕರೆ ಓದಿಸಿ ತಂದ ತಟ್ಟೆ. ಎಲ್ಲರೂ ಪ್ರಕಾಶ್ ಸ್ವಿಚ್ ಹಾಕುತ್ತಾನೆಂದು ನೋಡುತ್ತಿದ್ದರು. ಅವನು ಪಕ್ಕಕ್ಕೆ ಸರಿದ.

"ನೀನೇ ಹಾಕ್ಬೇಕು ಮಾರಾಯ. ನಿನ್ನ ಕೈಗುಣ ಬೇಕು ಇದಕ್ಕೆ."

ಪೀರ್ ಬಾಷಾ ತಮ್ಮ ಬಲಗೈಯನ್ನು ಒಂದು ಸಲ ನೋಡಿಕೊಂಡು ಮುಂದೆ ಹೋದರು. ಮೀಟರಿನ ಮುಳ್ಳು ಎದ್ದಿತು, ಒಂದೇ ಕಡೆ ನಿಂತಿತು. ಸ್ವಲ್ಪ ಹೊತ್ತಿಗೆ ಒಳಗೆ ಕಬ್ಬಿಣ ಕೆಂಪಗಾಗತೊಡಗಿತು. ಯಾರೋ ಅಳುತ್ತಿದ್ದರು. ನಾನೇ ಇರಬೇಕು.

ಪ್ರಕಾಶ್ ಹೊಸ ಪುಸ್ತಕವೊಂದನ್ನು ತಂದು ಅವರ ಮುಂದಿಟ್ಟ. ಮೊದಲ ಪುಟ. ಅವರು ಗಡಿಯಾರ ನೋಡಿ ಬರೆಯುವಾಗ ನಾನು ಅವರ ಭುಜದ ಮೇಲಿನಿಂದ ಓದಿದೆ.

'ಬೆಲಿಗ್ಗೆ 10:20. ಒಂದನೇ ಕುಲುಮೆ ನಿಂತಿತ್ತು. ಹೊತ್ತಿತು.'

ಕೆಂಪು ಪೆನ್ನು ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.